ಹೊಸ ಸ್ಟೌ ಬಂತು, ಪೈಪ್ ಹಳೆಯದೇ?

ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದೆ, ನಾಬ್ ತಿರುಗಿಸಲು ಕೈ ನೋಯುತ್ತದೆ, ಸಣ್ಣ ಉರಿಯಲ್ಲಿ ಹಾಲಿಟ್ಟರೆ ಒಲೆ ಆರಿಹೋಗುತ್ತದೆ ಎಂದಾದರೆ ಗ್ಯಾಸ್ ಸ್ಟೌ ಬದಲಿಸುವ ಕಾಲ ಬಂದಿದೆ. ಹೊಸದನ್ನು ತಂದು ಜೋಡಿಸುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಎಷ್ಟೋ ಮನೆಗಳಲ್ಲಿ ಫಳಫಳ ಹೊಳೆಯುವ ಸ್ಟೌಗೆ ಗಡುಸಾಗಿ ಬಿರುಕು ಬಿಟ್ಟ ಹಳೇ ಪೈಪನ್ನೇ ಸಿಕ್ಕಿಸಿ ಅಡುಗೆ ಶುರುಮಾಡಿಬಿಡುತ್ತಾರೆ. ಇದು ತಪ್ಪಬೇಕು. ಸ್ಟೌ ಬದಲಿಸಿದ ದಿನವೇ ಪೈಪನ್ನೂ ಬದಲಿಸಿ.

ಇಲ್ಲಿ ಹೇಳುತ್ತಿರುವುದು ಕಟ್ಟೆಯ ಮೇಲಿಡುವ, ಸಿಲಿಂಡರ್ ಗ್ಯಾಸಿನ ಸ್ಟೌ ಬಗ್ಗೆ ಮಾತ್ರ. ಕಲ್ಲು ಕೊರೆದು ಕೂರಿಸುವ ಹಾಬ್ ಆದರೆ ಕಂಪನಿಯ ಮೆಕ್ಯಾನಿಕ್‌ಗೇ ಬಿಡಿ. ಪೈಪ್‌ಲೈನ್ ಗ್ಯಾಸ್ ಇರುವ ಮನೆಯವರೂ ಅಷ್ಟೇ. ಅದು ಬೇರೆ ಅನಿಲ, ಅದರ ಒತ್ತಡ ಬೇರೆ, ಬರ್ನರ್‌ಗೆ ಅನಿಲ ಬಿಡುವ ಜೆಟ್‌ನ ರಂಧ್ರದ ಅಳತೆಯೂ ಬೇರೆ.

ಅಂಗಡಿಗೆ ಹೋಗುವ ಮುಂಚೆ ಕಟ್ಟೆಯ ಉದ್ದ, ಅಗಲ ಅಳೆದುಕೊಳ್ಳಿ. ಸಿಲಿಂಡರ್ ಯಾವ ಬದಿಯಲ್ಲಿದೆ, ಸ್ಟೌನ ನಾಝಲ್ ಯಾವ ಬದಿಗೆ ಬರಬೇಕು ಎಂಬುದನ್ನೂ ನೋಡಿಕೊಳ್ಳಿ. ಪೈಪು ಸ್ಟೌನ ಅಡಿಯಲ್ಲಾಗಲೀ ಬರ್ನರ್ ಪಕ್ಕದಲ್ಲಾಗಲೀ ಹಾಯಬಾರದು. ಐಎಸ್ಐ ಗುರುತಿನ ಜೊತೆ ಐಎಸ್ 4246 ಎಂಬ ಸಂಖ್ಯೆ ಇರುವ ಸ್ಟೌವನ್ನೇ ಕೊಳ್ಳಿ; ಗ್ಯಾಸಿನ ಶಾಖದಲ್ಲಿ ಕನಿಷ್ಠ ಶೇಕಡಾ 68 ಭಾಗ ಪಾತ್ರೆಗೆ ತಲುಪಬೇಕೆಂದು ಆ ಮಾನದಂಡ ಹೇಳುತ್ತದೆ. ಗಾಜಿನ ಮೇಲ್ಮೈಯ ಸ್ಟೌ ಒರೆಸುವುದಕ್ಕೆ ಸುಲಭ, ನೋಡಲು ಚೆಂದ. ಆದರೆ ದಿನಾ ರಾಗಿ ಮುದ್ದೆ ತೊಳಸುವ ಮನೆಗೆ ನಾನು ಸ್ಟೀಲಿನದನ್ನೇ ಹೇಳುವೆ. ಕೋಲು ಹಾಕಿ ಬಲವಾಗಿ ತಿರುವುವಾಗ ಪಾತ್ರೆಯೂ ಸ್ಟೌ ಕೂಡ ಅಲುಗದೆ ನಿಲ್ಲಬೇಕು. ಪಾತ್ರೆ ಕೂರುವ ಕಂಬಿಗಳು ದಪ್ಪವಾಗಿವೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡಿ.

ಇನ್ನು ಕೆಲಸ. ಮೊದಲು ದೇವರ ದೀಪ, ಊದುಬತ್ತಿ ಆರಿಸಿ. ಕಿಟಕಿಯ ಜೊತೆ ಬಾಗಿಲನ್ನೂ ತೆಗೆದಿಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೇರದೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಎತ್ತರದ ಕಿಟಕಿಯಿಂದ ಹೊರಗೆ ಹೋಗುವುದು ಕಷ್ಟ.

ಹಳೇ ಸ್ಟೌನ ಒಂದು ಬರ್ನರ್ ಹಚ್ಚಿ, ಅದು ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಬಂದ್ ಮಾಡಿ. ಪೈಪಿನಲ್ಲಿ ಉಳಿದ ಗ್ಯಾಸೆಲ್ಲ ಉರಿದು ಜ್ವಾಲೆ ತಾನಾಗಿ ಆರುತ್ತದೆ. ಆಮೇಲೆ ನಾಬ್ ಮುಚ್ಚಿ. ರೆಗ್ಯುಲೇಟರಿನ ಕೆಳಗಿರುವ ಕಪ್ಪು ಬಳೆಯನ್ನು ಮೇಲಕ್ಕೆತ್ತಿ ಹಿಡಿದು ರೆಗ್ಯುಲೇಟರ್ ತೆಗೆಯಿರಿ, ಸಿಲಿಂಡರಿನ ಬಾಯಿಗೆ ದಾರ ಕಟ್ಟಿದ ಮುಚ್ಚಳವನ್ನು ಒತ್ತಿ ಕೂರಿಸಿ. ಆ ಮುಚ್ಚಳ ಎಸೆದಿದ್ದರೆ ಗ್ಯಾಸ್ ಏಜೆನ್ಸಿಯಿಂದ ಇನ್ನೊಂದು ಕೇಳಿ ಪಡೆಯಿರಿ.

ವರ್ಷಗಟ್ಟಲೆ ಕೂತ ಪೈಪು ನಾಝಲಿಗೆ ಅಂಟಿಕೊಂಡಿರುತ್ತದೆ. ಎಳೆದಾಡಬೇಡಿ. ಹೇಗೂ ಎಸೆಯುವ ಪೈಪು, ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ರೆಗ್ಯುಲೇಟರ್ ಕಡೆಯ ತುದಿಯನ್ನು ಸೀಳುವಾಗ ಮಾತ್ರ ಅದರ ಲೋಹಕ್ಕೆ ಗೀರು ಬೀಳದಂತೆ ನೋಡಿಕೊಳ್ಳಿ, ಏಕೆಂದರೆ ರೆಗ್ಯುಲೇಟರ್ ಮತ್ತೆ ಬೇಕು.

ಹೊಸ ಪೈಪು ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಆಗಿರಲಿ. ಒಳಗೆ ಉಕ್ಕಿನ ತಂತಿಯ ಹೆಣಿಗೆ ಇರುವುದರಿಂದ ಇಲಿ ಕಡಿದರೂ ಬೇಗ ತೂತಾಗುವುದಿಲ್ಲ. ಐಎಸ್ 9573 ಎಂಬ ಸಂಖ್ಯೆ ಅದರ ಮೈಮೇಲೇ ಅಚ್ಚಾಗಿರುತ್ತದೆ. ಆಯಸ್ಸು 5 ವರ್ಷ. ಎರಡೂ ತುದಿಗಳನ್ನು ನಾಝಲಿನ ಉಬ್ಬುಗೆರೆಗಳೆಲ್ಲ ಮುಚ್ಚುವವರೆಗೆ ತಿರುಚುತ್ತಾ ತಳ್ಳಿ. ಸುಲಭವಾಗಲೆಂದು ಎಣ್ಣೆಯನ್ನಾಗಲೀ ಸೋಪನ್ನಾಗಲೀ ಹಚ್ಚಬೇಡಿ. ಮಡಿಕೆ, ತಿರುವು ಇರಬಾರದು. ಪೈಪಿಗೆ ಬಟ್ಟೆಯ ಕವಚ ತೊಡಿಸುವ ಅಭ್ಯಾಸ ಇನ್ನೂ ಇದೆ. ಕವಚದೊಳಗೆ ಬಿರುಕು ಬಿಟ್ಟರೆ ಯಾರ ಕಣ್ಣಿಗೂ ಬೀಳದು, ದಯವಿಟ್ಟು ಬೇಡ. ಜೋಡಿಸಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಸಿಲಿಂಡರಿನ ಬಳಿ ಗೋಡೆಗೆ ಅಂಟಿಸಿ.

ಸ್ಟೌವನ್ನು ಕಟ್ಟೆಯ ಮೇಲೆ ಸಮತಟ್ಟಾಗಿ ಇಡಿ. ಓಲಾಡಿದರೆ ಕಾಲಿನ ರಬ್ಬರ್ ಗುಂಡಿಗಳನ್ನು ಸರಿಮಾಡಿ. ದೋಸೆ ಹಿಟ್ಟು ಒಂದೇ ಕಡೆ ಹರಿಯುವುದಕ್ಕೆ ಬಹಳ ಸಲ ಇದೇ ಕಾರಣ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಸ್ಟೌ ಅದಕ್ಕಿಂತ ಎತ್ತರದಲ್ಲಿರಬೇಕು.

ನಾಬ್‌ಗಳೆಲ್ಲ ಮುಚ್ಚಿವೆಯೆಂದು ನೋಡಿಕೊಂಡು ರೆಗ್ಯುಲೇಟರ್ ಹಾಕಿ. ಅದಕ್ಕೂ ಮುಂಚೆ ಸಿಲಿಂಡರಿನ ಬಾಯೊಳಗೆ ರಬ್ಬರ್ ವಾಷರ್ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಥವಾ ಹರಿದಿದ್ದರೆ ಮುಚ್ಚಳ ಹಾಕಿಟ್ಟು ಏಜೆನ್ಸಿಗೆ ಫೋನ್ ಮಾಡಿ. ನೀವೇ ಕಡ್ಡಿ ಹಾಕಿ ಕೆದಕಲು ಹೋಗಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಹಂತ. ಒಂದು ಬಟ್ಟಲಲ್ಲಿ ಸೋಪಿನ ನೀರನ್ನು ನೊರೆ ಬರುವಂತೆ ಕಲಸಿ, ರೆಗ್ಯುಲೇಟರ್ ತೆರೆದು, ಸಿಲಿಂಡರ್ ಮತ್ತು ರೆಗ್ಯುಲೇಟರ್ ಸೇರುವಲ್ಲಿ, ಪೈಪಿನ ಎರಡೂ ತುದಿಗಳಲ್ಲಿ, ನಾಬ್‌ಗಳ ಬುಡದಲ್ಲಿ ಸವರಿ. ಅವಸರ ಬೇಡ, ಒಂದೊಂದು ಕಡೆಯೂ ಕಣ್ಣಿಟ್ಟು ನೋಡಿ. ಸೋರುವ ಕಡೆ ಗುಳ್ಳೆ ಎದ್ದು ದೊಡ್ಡದಾಗುತ್ತಾ ಹೋಗುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಈಗಲೂ ಇದ್ದಾರೆ. ಹಾಗೆ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ.

ಗುಳ್ಳೆ ಬಂದರೆ ರೆಗ್ಯುಲೇಟರ್ ಮುಚ್ಚಿ ಪೈಪನ್ನು ಇನ್ನಷ್ಟು ಒಳಕ್ಕೆ ತಳ್ಳಿ ಮತ್ತೆ ನೋಡಿ. ನಿಲ್ಲಲಿಲ್ಲವೇ, ಸಿಲಿಂಡರಿಗೆ ಮುಚ್ಚಳ ಹಾಕಿ. ಗ್ಯಾಸಿನ ವಾಸನೆ ತುಂಬಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಬಂದ್ ಮಾಡುವಾಗಲೂ ಕಿಡಿ ಏಳಬಹುದು. ಮನೆಯಿಂದ ಆಚೆ ಬಂದು 1906ಕ್ಕೆ ಕರೆ ಮಾಡಿ. ಅನಿಲ ಸೋರಿಕೆಗೆಂದೇ ಇರುವ ಈ ಸಹಾಯವಾಣಿ ಹಗಲು ರಾತ್ರಿ ಕೆಲಸ ಮಾಡುತ್ತದೆ.

ಎಲ್ಲ ಸರಿಯಿದ್ದರೆ ಒಲೆ ಹಚ್ಚಿ. ಲೈಟರ್ ಬಳಸುವ ಸ್ಟೌ ಆದರೆ ಲೈಟರನ್ನು ಬರ್ನರ್ ಬಳಿ ಹಿಡಿದ ಮೇಲೆಯೇ ನಾಬ್ ತಿರುಗಿಸಬೇಕು. ಉರಿ ನೀಲಿಯಾಗಿ, ಬರ್ನರ್ ಸುತ್ತ ಒಂದೇ ಎತ್ತರಕ್ಕೆ ನಿಲ್ಲಬೇಕು. ಹಳದಿ ತುದಿ ಕಂಡರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಪಾತ್ರೆಗೆ ಮಸಿ ಹಿಡಿಯುವುದು ಇದರಿಂದಲೇ. ಬರ್ನರ್‌ನ ಮೇಲಿನ ಹಿತ್ತಾಳೆ ತಟ್ಟೆ ಓರೆಯಾಗಿ ಕೂತಿದ್ದರೂ ಉರಿ ಕೆಡುತ್ತದೆ. ಸ್ಟೌ ಆರಿಸಿ, ತಣಿದ ಮೇಲೆ ತೆಗೆದು ಸರಿಯಾಗಿ ಕೂರಿಸಿ. ಹೊಸ ಸ್ಟೌ ಮತ್ತೂ ಹಳದಿಯಾಗಿ ಉರಿದರೆ ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ.

ರೆಗ್ಯುಲೇಟರ್ ಕೆಟ್ಟಿದ್ದರೆ ಹೊರಗೆ ಅಗ್ಗದ್ದು ಕೊಳ್ಳಬೇಡಿ. ಠೇವಣಿ ಕಟ್ಟಿಸಿಕೊಂಡು ಅದನ್ನು ನಿಮಗೆ ಕೊಟ್ಟಿರುವುದು ಗ್ಯಾಸ್ ಕಂಪನಿ, ಬದಲಿಸಿಕೊಡಬೇಕಾದದ್ದು ಏಜೆನ್ಸಿ. ಹಳೇ ಸ್ಟೌವನ್ನು ಗುಜರಿಗೆ ಹಾಕುವಾಗ ಹಿತ್ತಾಳೆಯ ಬರ್ನರ್‌ಗಳನ್ನು ಬೇರೆಯಾಗಿ ತೂಗಿಸಿ, ಅದಕ್ಕೆ ಕಬ್ಬಿಣಕ್ಕಿಂತ ಒಳ್ಳೆಯ ಬೆಲೆಯಿದೆ. ನಾಬ್ ಸೋರುವ ಸ್ಟೌ ಆದರೆ ಮನೆಗೆಲಸದವರಿಗಾಗಲೀ ನೆಂಟರಿಗಾಗಲೀ ಕೊಡಬೇಡಿ. ಬಿಚ್ಚಿದ ಪೈಪನ್ನಂತೂ ತುಂಡುತುಂಡಾಗಿ ಕತ್ತರಿಸಿಯೇ ಎಸೆಯಿರಿ. ಇಡಿಯಾಗಿ ಸಿಕ್ಕರೆ ಇನ್ನೊಬ್ಬರ ಅಡುಗೆಮನೆ ಸೇರಿಬಿಡಬಹುದು.