ತಾರ ಪಂಚಮಕ್ಕೆ ಕೆಳಗಿನ ದಾರಿ

ಬನಶಂಕರಿ 2ನೇ ಹಂತ, ಬೆಂಗಳೂರು
ಸೋಮವಾರ ಬೆಳಿಗ್ಗೆ

ಪುಟ್ಟೀ,

ನಿನ್ನೆ ರಾತ್ರಿ ನೀನು ಕಳಿಸಿದ ಒಂದೇ ಸಾಲು ನನಗೆ ನಿದ್ದೆ ಕೊಡಲಿಲ್ಲ. 'ದೊಡ್ಡಮ್ಮಾ, ಮೇಲಿನ ಸ್ಥಾಯಿ ನನಗೆ ದೇವರು ಕೊಟ್ಟೇ ಇಲ್ಲ ಅನ್ಸತ್ತೆ.' ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇವತ್ತು ನೀನು ಮಾತಾಡಬಾರದು, ನಾನು ಹೇಳಬೇಕಾದ್ದೂ ಬಹಳ ಇದೆ. ಅದಕ್ಕೇ ಈ ಕಾಗದ.

ನಿನ್ನೆ ರಾಮನವಮಿ ಪೆಂಡಾಲಿನಲ್ಲಿ ನೀನು ಹಾಡುವಾಗ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಪಲ್ಲವಿ ಎಷ್ಟು ಚೆನ್ನಾಗಿ ಎತ್ತಿಕೊಂಡೆ ನೀನು! ಪಕ್ಕದಲ್ಲಿದ್ದ ಹೆಂಗಸು 'ಒಳ್ಳೇ ಶಾರೀರ' ಅಂದರು. ನಮ್ಮ ಹುಡುಗಿ ಎಂದು ಹೇಳಿಕೊಂಡೆ. ಅನುಪಲ್ಲವಿ ಬಂತು. ನಿನ್ನ ಗದ್ದ ಮೇಲೆದ್ದಿತು, ಭುಜಗಳು ಕಿವಿಯ ಕಡೆ ಸರಿದವು. ತಾರ ಷಡ್ಜ ದಾಟುವಷ್ಟರಲ್ಲಿ ಕತ್ತಿನ ನರ ಉಬ್ಬಿದ್ದು ನನಗೆ ಕೂತಲ್ಲಿಂದಲೇ ಕಾಣಿಸಿತು. ಪಂಚಮ ಒಡೆಯುತ್ತದೆ ಎಂದು ಅದು ಬರುವ ಮೊದಲೇ ನನಗೆ ತಿಳಿದುಹೋಗಿತ್ತು. ನಿನಗೆ ಸ್ಥಾಯಿ ಇಲ್ಲ ಎಂದಲ್ಲ ಕಂದಾ. ನೀನು ಅದನ್ನು ನೂಕುತ್ತಿದ್ದೆ.

ಈ ಉಬ್ಬಿದ ನರಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ, ಗೊತ್ತಾ? 13ನೇ ಶತಮಾನದಲ್ಲಿ ದೇವಗಿರಿಯ ಸಿಂಘಣ ರಾಜನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಹಾಡುಗಾರರ 25 ದೋಷಗಳನ್ನು ಪಟ್ಟಿ ಮಾಡಿದ್ದಾನೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಕಿರುಚುವವನು ಉದ್ಘುಷ್ಟ, ಒಂಟೆಯ ಹಾಗೆ ಕತ್ತು ಚಾಚುವವನು ಕರಭ, ಮುಖದ, ಕತ್ತಿನ ನರ ಉಬ್ಬಿಸುವವನು ಝೋಂಬಕ. ಇನ್ನೊಂದು ಮಾತೂ ಅದರಲ್ಲಿದೆ: ಮಂದ್ರದ ಸ್ಥಾನ ಹೃದಯ, ಮಧ್ಯದ್ದು ಕಂಠ, ತಾರದ್ದು ಶಿರಸ್ಸು. ಚಿಕ್ಕವಳಿದ್ದಾಗ ಇದನ್ನು ಬರೀ ಶಾಸ್ತ್ರದ ಮಾತು ಎಂದು ಬಾಯಿಪಾಠ ಮಾಡಿದ್ದೆ. ಹಾಡುತ್ತಾ ವಯಸ್ಸಾದ ಮೇಲೆ ಅದು ಅನುಭವದ ಮಾತು ಎಂದು ತಿಳಿಯಿತು. ಮೇಲಿನ ಸ್ವರ ಸರಿಯಾಗಿ ನಿಂತಾಗ ಗಂಟಲಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಕೆನ್ನೆಯ ಮೂಳೆ, ಹುಬ್ಬಿನ ನಡುವೆ, ನೆತ್ತಿ ಸಣ್ಣಗೆ ಗುಂಯ್‌ಗುಡುತ್ತವೆ. ನಿನ್ನೆ ನೀನು ತಲೆಯಲ್ಲಿ ನಿಲ್ಲಬೇಕಾದ ಸ್ವರವನ್ನು ಕಂಠದಲ್ಲೇ ಹಿಡಿದಿಟ್ಟುಕೊಂಡೆ.

ನೀನು ಲೆಕ್ಕದ ಹುಡುಗಿ, ಲೆಕ್ಕದಲ್ಲೇ ಹೇಳುತ್ತೇನೆ. ಗಂಟಲೊಳಗಿನ ಎರಡು ಧ್ವನಿತಂತುಗಳು ಹೆಚ್ಚುಕಮ್ಮಿ ನಿನ್ನ ಹೆಬ್ಬೆರಳಿನ ಉಗುರಿನಷ್ಟು ಉದ್ದ. ಐದೂವರೆ ಮನೆ ಶ್ರುತಿಯಲ್ಲಿ ಮಧ್ಯ ಷಡ್ಜ ಹಾಡುವಾಗ ಅವು ಸೆಕೆಂಡಿಗೆ ಸುಮಾರು 208 ಸಲ ಬಡಿದುಕೊಳ್ಳುತ್ತವೆ. ತಾರ ಷಡ್ಜಕ್ಕೆ 415, ತಾರ ಪಂಚಮಕ್ಕೆ 620ಕ್ಕೂ ಮೇಲೆ. ಅಷ್ಟು ವೇಗ ಬರಬೇಕಾದರೆ ತಂತುಗಳು ಉದ್ದವಾಗಿ ತೆಳ್ಳಗಾಗಬೇಕು. ತಂಬೂರಿಯ ತಂತಿಯನ್ನು ಜೋರಾಗಿ ಮೀಟಿದರೆ ಶ್ರುತಿ ಏರುತ್ತದೆಯೇ? ಬಿರಡೆ ತಿರುಗಿಸಬೇಕು. ಗಂಟಲಲ್ಲಿ ಬಿರಡೆಯ ಕೆಲಸ ಮಾಡಲು ಪುಟ್ಟ ಸ್ನಾಯುಗಳಿವೆ, ಅವು ನಿಧಾನವಾಗಿ ಕಲಿಯುತ್ತವೆ. ಕಲಿಯುವ ಮೊದಲೇ ಕೆಳಗಿನಿಂದ ಉಸಿರನ್ನು ಒತ್ತಿ ಕಳಿಸಿದರೆ ದಪ್ಪ ತಂತುಗಳು ಒಂದಕ್ಕೊಂದು ಅಪ್ಪಳಿಸುತ್ತವೆ. ಸಹಾಯಕ್ಕೆಂದು ಕತ್ತು, ದವಡೆ, ನಾಲಿಗೆಯ ಬುಡ ಎಲ್ಲ ಬಿಗಿದುಕೊಳ್ಳುತ್ತವೆ. ಯಾವುದರಿಂದಲೂ ಸಹಾಯವಿಲ್ಲ.

ನನಗೆ ಇದು ಹೇಗೆ ಗೊತ್ತೆಂದು ನೀನು ಯಾವತ್ತೂ ಕೇಳಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಕಲಿಯುತ್ತಿದ್ದ ಕಡೆ ಹೆಣ್ಣುಮಕ್ಕಳಿಗೆಲ್ಲ ಆರು ಮನೆ ಶ್ರುತಿ. ನನ್ನದು ಐದು ಮನೆಯ ಗಂಟಲು. ಹೇಳಿಕೊಳ್ಳಲು ಧೈರ್ಯವಿರಲಿಲ್ಲ, ಎರಡು ವರ್ಷ ಎಳೆದುಕೊಂಡು ಹಾಡಿದೆ. ಒಂದು ಬೆಳಿಗ್ಗೆ ಎದ್ದರೆ ಅಮ್ಮನನ್ನು ಕರೆಯಲೂ ದನಿಯಿಲ್ಲ. ಕನ್ನಡಿ ಇಳಿಸಿ ನೋಡಿದ ಡಾಕ್ಟರು, ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುವ ಹಾಗೆ ಎರಡು ತಂತುಗಳ ಮೇಲೂ ಗಂಟು ಕಟ್ಟಿದೆ ಎಂದರು. ಮೂರು ವಾರ ಸ್ಲೇಟಿನ ಮೇಲೆ ಬರೆದು ಬದುಕಿದೆ. ಆಮೇಲೆ ಹಾಡಿಗೆ ಮರಳಲು ಎಂಟು ತಿಂಗಳು ಹಿಡಿಯಿತು. ಭಾನುವಾರ ನಿನ್ನ ಕತ್ತಿನ ನರ ಕಂಡಾಗ ನನಗೆ ನೆನಪಾದದ್ದು ಆ ಸ್ಲೇಟು.

ಆದ್ದರಿಂದ ಮೊದಲ ಮಾತು ಶ್ರುತಿಯದು. ಐದೂವರೆ ನಿನ್ನದಲ್ಲ ಎಂದು ನನ್ನ ಅಂದಾಜು. ಗೆಳತಿಯರೆಲ್ಲ ಅದರಲ್ಲೇ ಹಾಡುತ್ತಾರೆ, ಅದಕ್ಕೆ ನೀನೂ. ಕರ್ನಾಟಕ ಸಂಗೀತಕ್ಕೆ ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಸರಿಯಾಗಿ ಎರಡು ಸ್ಥಾಯಿ ಬೇಕು. ಎರಡು ತುದಿಯೂ ಬಿಗಿಯದೆ ಸಿಗುವ ಮನೆಯೇ ನಿನ್ನ ಮನೆ. ಹಿಂದೆ ಶ್ರುತಿಪೆಟ್ಟಿಗೆಯಲ್ಲಿ ಇದ್ದಷ್ಟರಲ್ಲೇ ಹೊಂದಿಕೊಳ್ಳಬೇಕಿತ್ತು. ಈಗ ನಮ್ಮ ಬೆಂಗಳೂರಿನದೇ ರಾಡೆಲ್ ತಂಬೂರಿಯಲ್ಲಿ ಗುಂಡಿ ತಿರುಗಿಸಿ ಐದಕ್ಕೂ ಐದೂವರೆಗೂ ನಡುವೆ ಕೂಡ ನಿಲ್ಲಿಸಬಹುದು. ಆಫೀಸಿನಲ್ಲಿ ಸಿನಿಮಾ ಹಾಡು ಹಾಡುತ್ತೀಯಲ್ಲ, ಆ ಕರೋಕೆಯನ್ನೂ ಒಂದೆರಡು ಮನೆ ಇಳಿಸಿಕೋ. ಮೂಲ ಹಾಡಿದವರ ಗಂಟಲಿಗೆ ಹೊಂದಿಸಿದ ಶ್ರುತಿ ಅದು, ನಿನ್ನದಕ್ಕಲ್ಲ.

ಶ್ರುತಿ ಇಳಿದರೆ ಸಂಗೀತ ಇಳಿಯುತ್ತದೆ ಎಂದು ಹೆದರಬೇಡ. ಗಂಗೂಬಾಯಿ ಹಾನಗಲ್ ಅವರನ್ನು ನೆನಪು ಮಾಡಿಕೋ. ಅವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. 1930ರ ದಶಕದ ಅವರ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳುವುದು ಸಣ್ಣ, ಮೇಲಿನ ಶ್ರುತಿಯ ಎಳೆ ದನಿ. ಮುಂದೆ ಗಂಟಲಿನ ಟಾನ್ಸಿಲ್‌ಗೆ ಚಿಕಿತ್ಸೆಯಾಯಿತು, ದನಿ ಗಂಡಸಿನದರ ಹಾಗೆ ದಪ್ಪವಾಯಿತು. ಹಾಡನ್ನೇ ನಂಬಿದ ಹೆಣ್ಣುಮಗಳಿಗೆ ಅದೆಂಥ ಹೊತ್ತಾಗಿರಬೇಕು! ಕಳೆದುಹೋದ ಎತ್ತರವನ್ನು ಅವರು ಹಿಂದಕ್ಕೆ ಎಳೆಯಲಿಲ್ಲ. ಬಂದ ದನಿಗೆ ಶ್ರುತಿ ಇಳಿಸಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತದ್ದನ್ನು ಅದರಲ್ಲೇ ಹಾಡಿದರು. ಆ ದಪ್ಪ ದನಿಯನ್ನೇ ದೇಶವೆಲ್ಲ ಕೇಳಿತು, 2002ರಲ್ಲಿ ಪದ್ಮವಿಭೂಷಣ ಬಂತು. ತಾರ ಷಡ್ಜದ ಮೇಲೆ ಅವರು ನಿಲ್ಲುವುದನ್ನು ಒಮ್ಮೆ ಕೇಳು. ಇಳಿಸಿದ ಶ್ರುತಿಯ ತಾರ ಷಡ್ಜ ಅದು. ಕೇಳುವವರಿಗೆ ಮಾತ್ರ ಇದಕ್ಕಿಂತ ಎತ್ತರ ಇನ್ನೊಂದಿಲ್ಲ ಅನ್ನಿಸುತ್ತದೆ. ಎತ್ತರ ಅನ್ನುವುದು ಷಡ್ಜದಿಂದ ಎಷ್ಟು ದೂರ ಏರಿದೆವು ಎಂಬುದು, ಷಡ್ಜವನ್ನು ಎಲ್ಲಿ ಇಟ್ಟೆವು ಎಂಬುದಲ್ಲ.

ಜೋರಾಗಿ ಹಾಡಬೇಕು ಎಂಬ ಹಟ ನಮಗೆ ಎಲ್ಲಿಂದ ಬಂತೆಂದು ನಾನು ಯೋಚಿಸಿದ್ದಿದೆ. ಮೈಕು ಇಲ್ಲದ ಕಾಲದಲ್ಲಿ ಗುಬ್ಬಿ ಕಂಪನಿಯಂಥ ನಾಟಕದವರು ಕೊನೇ ಸಾಲಿನವನಿಗೂ ಕೇಳಲೆಂದು ಎತ್ತರದ ಶ್ರುತಿ ಹಿಡಿಯಲೇಬೇಕಿತ್ತು. ಪಿಟೀಲು ಚೌಡಯ್ಯನವರು ನಾಲ್ಕು ತಂತಿ ಸಾಲದೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದೂ ನಾದ ದೂರ ಹೋಗಲಿ ಎಂದೇ. ನಿನ್ನ ಮುಂದೆ ಒಂದು ಗೇಣು ದೂರದಲ್ಲಿ ಮೈಕು ಇತ್ತು ಪುಟ್ಟಿ. ದೂರಕ್ಕೆ ಕಳಿಸುವ ಕೆಲಸ ಅದು ಮಾಡುತ್ತದೆ. ಮೇಲೆ ಹೋದಷ್ಟೂ ನೀನು ದನಿ ತಗ್ಗಿಸು.

ಈಗ ಸಾಧನೆ. ಬೆಳಿಗ್ಗೆ ಎದ್ದು ಕಾಫಿಗೆ ಮುಂಚೆ ಬಿಸಿನೀರು ಕುಡಿ. ನೀರು ಧ್ವನಿತಂತುವನ್ನು ನೇರ ಮುಟ್ಟುವುದಿಲ್ಲ, ಮುಟ್ಟಿದರೆ ಕೆಮ್ಮು ಬಂದೀತು. ಮೈಯೆಲ್ಲ ಸುತ್ತಿ ತಲುಪಬೇಕು. ಹಾಗಾಗಿ ವೇದಿಕೆ ಹತ್ತುವಾಗ ಕುಡಿದ ಒಂದು ಲೋಟದಿಂದ ಏನೂ ಆಗದು, ದಿನವಿಡೀ ಕುಡಿಯಬೇಕು. ಆಮೇಲೆ ತಂಬೂರಿ ಹಾಕಿ ಬಾಯಿ ಮುಚ್ಚಿ ಮಧ್ಯ ಷಡ್ಜದಲ್ಲಿ ಹೂಂಗುಟ್ಟು. ತುಟಿಯಲ್ಲಿ ಕಚಗುಳಿ ಬರಬೇಕು. ಅಲ್ಲಿಂದ ಮೆಲ್ಲಗೆ ಕೆಳಗಿಳಿ: ನಿಷಾದ, ಧೈವತ, ಮಂದ್ರ ಪಂಚಮ. ಹತ್ತು ನಿಮಿಷ ಅಲ್ಲೇ ಇರು. ಮೇಲೆ ಹೋಗುವುದನ್ನು ಕಲಿಸು ಎಂದರೆ ಕೆಳಗೆ ಕೂರಿಸುತ್ತಾರೆ ಎಂದು ಬೇಸರ ಮಾಡಬೇಡ. ನಮ್ಮ ಹಿರಿಯರು ನಸುಕಿನಲ್ಲಿ ಮಂದ್ರ ಸಾಧನೆ ಮಾಡಿಸುತ್ತಿದ್ದುದು ಇದಕ್ಕೇ. ಕೆಳಗೆ ಬಿಗಿ ಸಡಿಲವಾಗದಿದ್ದರೆ ಮೇಲೆ ಸಡಿಲವಾಗದು.

ನಂತರ ಒಂದು ಆಟ ಹೇಳುತ್ತೇನೆ. ಎಳನೀರಿಗೆ ಕೊಡುವ ಸ್ಟ್ರಾ ಒಂದನ್ನು ಅರ್ಧ ಲೋಟ ನೀರಿನಲ್ಲಿ ಎರಡು ಬೆರಳು ಆಳಕ್ಕೆ ಇಳಿಸು. ಅದರ ಮೂಲಕ 'ಊ' ಎನ್ನುತ್ತಾ ಷಡ್ಜದಿಂದ ತಾರ ಷಡ್ಜಕ್ಕೆ ಜಾರು, ಮತ್ತೆ ಇಳಿ. ಗುಳ್ಳೆ ಒಂದೇ ಸಮ ಬರುತ್ತಿರಬೇಕು. ಧ್ವನಿ ಚಿಕಿತ್ಸಕರೂ ಮಾಡಿಸುವ ಅಭ್ಯಾಸ ಇದು. ಸ್ಟ್ರಾದಲ್ಲಿ ಸಿಕ್ಕ ತಡೆಯಿಂದ ಗಂಟಲಿನ ಮೇಲುಭಾಗದಲ್ಲಿ ಒಂದಿಷ್ಟು ಒತ್ತಡ ಹಿಂದಕ್ಕೆ ಬಂದು ತಂತುಗಳ ಹೊಡೆತವನ್ನು ಮೆತ್ತಗಾಗಿಸುತ್ತದೆ. ಅಲ್ಲಿ ಸುಲಭವಾಗಿ ಹೋದ ಸ್ವರವನ್ನು ಸ್ಟ್ರಾ ತೆಗೆದು 'ಊ'ಕಾರದಲ್ಲಿ ಹಾಡು, ಆಮೇಲೆ 'ಓ', ಕೊನೆಗೆ ಅಕಾರ. ನೇರ ಅಕಾರಕ್ಕೆ ಹಾರಿದರೆ ನೀನು ಬಾಯಿ ಅಗಲಿಸಿ ಕೂಗುತ್ತೀಯ.

ಆಮೇಲೆ ಮಾಯಾಮಾಳವಗೌಳದ ಹೆಚ್ಚುಸ್ಥಾಯಿ ವರಸೆ. ಹೌದು, ಏಳನೇ ವಯಸ್ಸಿನಲ್ಲಿ ಕಲಿತದ್ದೇ. ಆಗ ಅದನ್ನು ತಾಳಕ್ಕೆ ಓಡಿಸಿಬಿಟ್ಟೆವು. ಈಗ ಕನ್ನಡಿಯ ಮುಂದೆ ಕೂತು, ಗದ್ದ ಸಮಕ್ಕಿಟ್ಟು, ವಿಳಂಬದಲ್ಲಿ ಹಾಡು. ನರ ಉಬ್ಬಿದ ಸ್ವರದಲ್ಲಿ ನಿಲ್ಲಿಸು, ಒಂದು ಸ್ವರ ಕೆಳಗೆ ಬಾ, ಇವತ್ತಿಗೆ ಅದೇ ನಿನ್ನ ತುದಿ. ಉಸಿರನ್ನು ಎದೆ ಉಬ್ಬುವಷ್ಟು ತುಂಬಿಕೊಳ್ಳಬೇಡ. ಹೊಟ್ಟೆ, ಪಕ್ಕೆ ಹಿಗ್ಗುವಷ್ಟು ಸಾಕು. ತುಂಬಿದ್ದು ಹೆಚ್ಚಾದರೆ ಗಂಟಲು ಅದನ್ನು ತಡೆಯಲು ಬಿಗಿದುಕೊಳ್ಳುತ್ತದೆ. ಕಛೇರಿಯಲ್ಲಿ ತಾರ ಪಂಚಮ ಬೇಕಿದ್ದರೆ ಮನೆಯಲ್ಲಿ ಧೈವತ ಮುಟ್ಟಿರಬೇಕು, ಪಂಚಮಕ್ಕೆ ಗಮಕ ಹಾಕುವಾಗ ಮೇಲೆ ಜಾಗ ಬೇಕಲ್ಲ. ನಡುವೆ ದನಿ ಬದಲಾಗಿ ಬಿರುಕು ಬಿಡುವ ಒಂದು ಜಾಗ ಎಲ್ಲರಿಗೂ ಇದೆ. ಅಲ್ಲಿ ಕೆಲವರು ಕಳ್ಳ ಶಾರೀರಕ್ಕೆ ಜಾರುತ್ತಾರೆ, ಕೆಲವರು ನಿನ್ನ ಹಾಗೆ ಗುದ್ದುತ್ತಾರೆ. ಆ ಎರಡು ಮೂರು ಸ್ವರಗಳನ್ನೇ ತೀರಾ ಮೆಲ್ಲಗೆ, ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ, ದಿನಾ ದಾಟು. ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಾಡುವ ಅರ್ಧ ಗಂಟೆ ಮಾತ್ರ ಗಂಟಲು ನೋಡಿಕೊಂಡರೆ ಸಾಲದು. ಗದ್ದಲದಲ್ಲಿ ಮನುಷ್ಯ ತನಗೆ ತಿಳಿಯದೆಯೇ ದನಿ ಏರಿಸುತ್ತಾನೆ. ದಿನವಿಡೀ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೀಟಿಂಗು, ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಟೋದೊಳಗಿಂದ ಫೋನು. ಪೆಂಡಾಲಿಗೆ ಬರುವ ಹೊತ್ತಿಗೆ ನಿನ್ನ ತಂತುಗಳು ದಣಿದಿದ್ದವು. ಬೀದಿಯಲ್ಲಿ ಮಾತು ಬಿಡು. ಪದೇಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುತ್ತೀಯಲ್ಲ, ಅದೂ ತಂತುಗಳನ್ನು ಅಪ್ಪಳಿಸಿದ ಹಾಗೇ; ಬದಲಿಗೆ ಒಂದು ಗುಟುಕು ನುಂಗು. ರಾತ್ರಿ ಹನ್ನೊಂದಕ್ಕೆ ಮಸಾಲೆದೋಸೆ ತಿಂದು ಮಲಗಿದರೆ ಹುಳಿ ಮೇಲೆ ಬಂದು ಬೆಳಿಗ್ಗೆ ದನಿ ಒರಟಾಗುತ್ತದೆ. ಇವತ್ತು ಮೌನ ಅಂದರೆ ಪಿಸುಮಾತೂ ಬೇಡ, ಅದರಲ್ಲೂ ಗಂಟಲು ಬಿಗಿಯುತ್ತದೆ. ಎರಡು ಮೂರು ವಾರವಾದರೂ ದನಿ ತಿಳಿಯಾಗದಿದ್ದರೆ ಕಷಾಯ, ಕಲ್ಲುಸಕ್ಕರೆ ಎಂದು ಕೂರುವುದು ಬೇಡ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸೋಣ. ನಾನೇ ಜೊತೆಗೆ ಬರುತ್ತೇನೆ.

ರುದ್ರಪಟ್ಟಣದ ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಇದೇ ಬೆಂಗಳೂರಿನಲ್ಲಿ ತುಂಬು ಕಂಠದಿಂದ ಕಛೇರಿ ಮಾಡಿದರು. ನಿನಗೆ ಇಪ್ಪತ್ತೆರಡು. ಒಂದು ಪಂಚಮಕ್ಕೆ ಇಷ್ಟು ಅವಸರವೇಕೆ ಮಗಳೇ?

ಶನಿವಾರ ಬಾ. ಬಿಟಿಎಂನಲ್ಲಿ ಹಳದಿ ಲೈನ್ ಹತ್ತಿ ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಾಯಿಸಿದರೆ ಬನಶಂಕರಿ ಒಂದೇ ಸ್ಟೇಷನ್ನು. ಪೆಂಡಾಲಿನಲ್ಲಿ ಹಾಡಿದ ಆ ಹಾಡನ್ನು ಸದ್ಯ ಮುಟ್ಟಬೇಡ. ತಂಬೂರಿಯನ್ನು ಐದು ಮನೆಗೆ ಹಾಕಿಟ್ಟಿರುತ್ತೇನೆ, ಕನ್ನಡಿ ಒರೆಸಿಟ್ಟಿರುತ್ತೇನೆ. ಬರುವಾಗ ಎಳನೀರಿನ ಸ್ಟ್ರಾ ಎರಡು ತಾ, ನನಗೂ ಒಂದು.

ನಿನ್ನ
ದೊಡ್ಡಮ್ಮ