ಒಮ್ಮೆ ಮಾತ್ರ ಬಳಸುವ ಕೀಲಿ: ಅಭೇದ್ಯತೆಯ ಗುಟ್ಟೇನು?

ವ್ಯಾಪಾರದಲ್ಲಿ ದರದ ಗುಟ್ಟು ಬಂಡವಾಳದಷ್ಟೇ ಮುಖ್ಯವಾದುದು. ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರು ಕೊಪ್ಪಳದ ದಲ್ಲಾಳಿಗೆ ತಿಳಿಸುವ ದರವು ವ್ಯವಹಾರ ಕುದುರುವ ಮೊದಲೇ ಪ್ರತಿಸ್ಪರ್ಧಿಗೆ ಗೊತ್ತಾದರೆ ನಷ್ಟ ತಪ್ಪದು. ಈ ಚಿಂತೆ ಹಳೆಯದು. 1882ರಲ್ಲಿಯೇ ಕ್ಯಾಲಿಫೋರ್ನಿಯಾದ ಬ್ಯಾಂಕರ್ ಫ್ರಾಂಕ್ ಮಿಲ್ಲರ್ ಅವರು ತಂತಿ ಸಂದೇಶಗಳ ರಕ್ಷಣೆಗೆ ಒಂದು ವಿಧಾನವನ್ನು ಪ್ರಕಟಿಸಿದ್ದರು. ಆ ತತ್ತ್ವವೇ 'ಒನ್ ಟೈಮ್ ಪ್ಯಾಡ್', ಅಂದರೆ ಒಮ್ಮೆ ಮಾತ್ರ ಬಳಸುವ ಕೀಲಿ. ಬ್ಯಾಂಕು ಮೊಬೈಲಿಗೆ ಕಳುಹಿಸುವ ಓ.ಟಿ.ಪಿ. ಇದಲ್ಲ, ಅದು ಗ್ರಾಹಕನ ಗುರುತನ್ನು ದೃಢಪಡಿಸುವ ಸಂಖ್ಯೆ ಮಾತ್ರ.

ವಿಧಾನ

ಉದಾಹರಣೆಗೆ, ಕ್ವಿಂಟಾಲ್ ಅಕ್ಕಿಯ ದರ 4350 ರೂಪಾಯಿ. ಇಬ್ಬರ ಬಳಿಯೂ ಇರುವ ಗುಪ್ತ ಕೀಲಿ 8174. ದಶಕವನ್ನು ಕೈಬಿಟ್ಟು ಅಂಕಿಗೆ ಅಂಕಿ ಕೂಡಿಸಿದರೆ 2424 ಬರುತ್ತದೆ. ಕಳುಹಿಸುವುದು ಇದನ್ನೇ. ದಲ್ಲಾಳಿಯು ಕೀಲಿಯನ್ನು ಅದೇ ರೀತಿ ಕಳೆದು 4350 ಪಡೆಯುತ್ತಾನೆ. ಹೊರಗಿನವನು ಕೀಲಿ 8374 ಎಂದು ಊಹಿಸಿದರೆ ದರ 4150 ಆಗುತ್ತದೆ. ಯಾವುದು ನಿಜವೆಂದು ಯಾವ ಗಣಕಯಂತ್ರವೂ ಹೇಳಲಾರದು. ಕ್ಲಾಡ್ ಶಾನನ್ ಅವರು 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದರು.

ಷರತ್ತುಗಳು

ಸಂದೇಶದಷ್ಟು ಉದ್ದದ ಕೀಲಿ ಇದ್ದರೆ ಸಾಕೆಂಬುದು ಒಂದು ವಾದ. ಅದು ಅರ್ಧಸತ್ಯ. ಕೀಲಿಯ ಅಂಕಿಗಳು ಯಾವ ಕ್ರಮಕ್ಕೂ ಒಳಪಡದೆ ಆಯ್ಕೆಯಾಗಿರಬೇಕು. ವಾಹನ ಸಂಖ್ಯೆ, ಜನ್ಮದಿನಾಂಕ ಸಲ್ಲವು. ಕೀಲಿ ಮೂರನೆಯವರಿಗೆ ತಿಳಿದಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಎರಡನೆಯ ಬಾರಿ ಬಳಸಬಾರದು.

ಮರುದಿನದ ದರ 4410ಕ್ಕೂ ಅದೇ ಕೀಲಿ ಬಳಸಿದರೆ 2584 ಹೊರಡುತ್ತದೆ. ಆ ವೇಳೆಗೆ ನಿನ್ನೆಯ ದರ ಪೇಟೆಗೆಲ್ಲ ತಿಳಿದಿರುತ್ತದೆ. 2424ರಿಂದ 4350 ಕಳೆದವನಿಗೆ ಕೀಲಿಯೇ ಸಿಕ್ಕಿ, ಇಂದಿನ ದರವೂ ಬಯಲಾಗುತ್ತದೆ. ಸೋವಿಯತ್ ಒಕ್ಕೂಟಕ್ಕೂ ಇಂಥದೇ ಪೆಟ್ಟು ಬಿದ್ದಿತು. ಯುದ್ಧದ ಒತ್ತಡದಲ್ಲಿ, 1942ರಲ್ಲಿ, ಕೆಲವು ಕೀಲಿಪುಟಗಳು ಎರಡೆರಡು ಪ್ರತಿ ಮುದ್ರಣಗೊಂಡವು. 'ವೆನೋನಾ' ಯೋಜನೆಯ ಅಮೆರಿಕನ್ ತಜ್ಞರು ಅದರಿಂದಲೇ ಹಲವು ಸಂದೇಶಗಳನ್ನು ಭೇದಿಸಿದರು.

ಗುಟ್ಟು ಬೇರೆ, ಖಾತ್ರಿ ಬೇರೆ

ಎಲ್ಲ ಷರತ್ತು ಪಾಲಿಸಿದರೂ ಒಂದು ಕೊರತೆ ಉಳಿಯುತ್ತದೆ. ನಡುವೆ ಯಾರಾದರೂ 2424ನ್ನು 2524 ಎಂದು ತಿದ್ದಿದರೆ ದಲ್ಲಾಳಿಗೆ 4450 ಕಾಣುತ್ತದೆ. ತಿದ್ದಿದವನಿಗೆ ನಿಜವಾದ ದರ ತಿಳಿಯದಿದ್ದರೂ ಕ್ವಿಂಟಾಲಿಗೆ ನೂರು ರೂಪಾಯಿ ವ್ಯತ್ಯಾಸವಾಗುತ್ತದೆ. ಆದುದರಿಂದ ಸರಕು ಲಾರಿಗೇರುವ ಮೊದಲು ಪರಿಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಆದೇಶವನ್ನು ಖಚಿತಪಡಿಸಿಕೊಳ್ಳುವುದು ಅವಶ್ಯ.

ಕೀಲಿಯನ್ನು ತಲುಪಿಸುವುದೇ ಈ ವಿಧಾನದ ನಿಜವಾದ ಖರ್ಚು. ಕುಷ್ಟಗಿ, ಯಲಬುರ್ಗಾಗಳ ಪಾಲುದಾರರು ಆಗಾಗ ಭೇಟಿಯಾಗುವುದಾದರೆ ಕೀಲಿಪುಟವನ್ನು ಕೈಯಿಂದ ಕೈಗೆ ಕೊಡಬಹುದು. ದೂರದ ಗ್ರಾಹಕರೊಡನೆ ಅದು ಕಷ್ಟಸಾಧ್ಯ. ಹೀಗಿರುವಾಗ 'ಯಾರೂ ಭೇದಿಸಲಾರದ ತಂತ್ರಾಂಶ' ಎಂದು ಮಾರಲು ಬರುವವರನ್ನು ಕೇಳಬೇಕಾದ ಪ್ರಶ್ನೆಗಳು ಮೂರು: ಕೀಲಿ ಹೇಗೆ ಹುಟ್ಟುತ್ತದೆ? ಹೇಗೆ ತಲುಪುತ್ತದೆ? ಎಷ್ಟು ಬಾರಿ ಬಳಕೆಯಾಗುತ್ತದೆ? ಉತ್ತರ ಸ್ಪಷ್ಟವಿಲ್ಲದಿದ್ದರೆ ಹಣ ಪಾವತಿಸದಿರುವುದೇ ಲೇಸು.