ತೂಕದ ಯಂತ್ರ ಮಂಚದ ಕೆಳಗಿರಲಿ, ಟೇಪು ಕೈಗೆ ಬರಲಿ

ತೂಕ ಇಳಿಸಲು ಹೊರಟವರ ಮೊದಲ ಖರೀದಿ ತೂಕದ ಯಂತ್ರ. ದಾರಿ ತಪ್ಪುವುದೂ ಅಲ್ಲಿಂದಲೇ. ಹದಿನೈದು ದಿನ ಬೆವರು ಸುರಿಸಿ ನಡೆದು, ರಾತ್ರಿ ಅನ್ನ ಬಿಟ್ಟು, ಯಂತ್ರದ ಮೇಲೆ ನಿಂತರೆ ಅಂಕಿ ಇದ್ದಲ್ಲೇ ಇರುತ್ತದೆ. ‘ಇದೆಲ್ಲ ನಮ್ಮ ಮೈಗೆ ಆಗಿಬರೋದಲ್ಲ’ ಎಂಬ ತೀರ್ಮಾನ ಆಗಲೇ ಹೊರಬೀಳುತ್ತದೆ, ಷೂ ಚಪ್ಪಲಿ ಸ್ಟ್ಯಾಂಡಿನ ಕೆಳಸಾಲಿಗೆ ಸೇರುತ್ತದೆ. ಚೆನ್ನೈನ ಗಿಂಡಿಯಲ್ಲಿ, ಕತ್ತಿಪಾರಾ ಮೇಲ್ಸೇತುವೆಯ ಆಸುಪಾಸಿನ ಐಟಿ ಕಟ್ಟಡಗಳಲ್ಲೋ ಇಂಡಸ್ಟ್ರಿಯಲ್ ಎಸ್ಟೇಟಿನ ಆಫೀಸುಗಳಲ್ಲೋ ದಿನವಿಡೀ ಕೂತು ದುಡಿಯುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದರೂ ಬೆಂಗಳೂರಿನ ವೈಟ್‌ಫೀಲ್ಡಿನವರಿಗೂ ಇದೇ ಮಾತು. ಅಂಕಿಯನ್ನೇ ಗುರಿ ಮಾಡಿಕೊಂಡ ಅಭ್ಯಾಸ ಬಹುಕಾಲ ಉಳಿಯುವುದಿಲ್ಲ; ಉಳಿಯುವ ಅಭ್ಯಾಸದ ಫಲ ಎಷ್ಟೋ ಸಲ ಆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ.

ಇದಕ್ಕೆ ಪುರಾವೆ ಚೆನ್ನೈನಲ್ಲೇ ಇದೆ. ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದ ವರದಿ 2006ರಲ್ಲಿ ಹೊರಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ನಾಲ್ಕು ಗುಂಪು ಮಾಡಿ, ಸುಮಾರು ಮೂರು ವರ್ಷದ ಲೆಕ್ಕ ತೆಗೆದರು. ಯಾವ ವಿಶೇಷ ಸಲಹೆಯನ್ನೂ ಕೊಡದ ಗುಂಪಿನಲ್ಲಿ ಶೇ 55ರಷ್ಟು ಮಂದಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಸಕ್ಕರೆ, ಪಾಲಿಶ್ ಧಾನ್ಯ, ಎಣ್ಣೆ ಕಡಿಮೆ ಮಾಡಿ ಎಂದಷ್ಟೇ ಹೇಳಿಸಿಕೊಂಡ ಗುಂಪಿನಲ್ಲಿ ಅದು ಶೇ 39.3ಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಿಗೂ ಹೆಚ್ಚುಕಡಿಮೆ ಇಷ್ಟೇ ಲಾಭ. ಮಾತ್ರೆ, ನಡಿಗೆ ಎರಡನ್ನೂ ಸೇರಿಸಿದರೂ ಅದಕ್ಕಿಂತ ಹೆಚ್ಚೇನೂ ಸಿಗಲಿಲ್ಲ. ಗಮನಿಸಬೇಕಾದ್ದು ಮುಂದಿನದು. ನಡೆದು, ಊಟ ತಿದ್ದಿಕೊಂಡು ಕಾಯಿಲೆಯನ್ನು ದೂರವಿಟ್ಟ ಆ ಗುಂಪಿನ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೂಕದ ಯಂತ್ರವನ್ನೇ ನಂಬಿದ್ದರೆ ಅವರಲ್ಲಿ ಎಷ್ಟೋ ಮಂದಿ ಎರಡನೇ ತಿಂಗಳಿಗೇ ಕೈಬಿಡುತ್ತಿದ್ದರೇನೋ.

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ಲವೇ ಎಂದು ಕೇಳಬಹುದು. ಇದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂಥದ್ದೇ ದೊಡ್ಡ ಅಧ್ಯಯನದಲ್ಲಿ ಜೀವನಶೈಲಿ ಬದಲಿಸಿಕೊಂಡವರು ಸರಾಸರಿ 5.6 ಕಿಲೊ ಇಳಿದರು, ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತು. ಆದರೆ ಅಲ್ಲಿನವರು ನಮಗಿಂತ ಬಹಳ ದಪ್ಪಗಿದ್ದವರು. ನಮ್ಮ ತೊಂದರೆ ಬೇರೆ ಬಗೆಯದು: ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಮೈಯನ್ನೇ ಹೋಲಿಸಿ ತೋರಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಬ್ರಿಟನ್ನಿನವರಲ್ಲಿ ಶೇ 9.1, ನಮ್ಮವರಲ್ಲಿ ಶೇ 21.2. ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಮಿತಿಯನ್ನು ಕೆಳಗೆ ಇಟ್ಟಿರುವುದೂ, ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ದಾಟಬಾರದು ಎನ್ನುವುದೂ ಇದೇ ಕಾರಣಕ್ಕೆ. ಬೊಜ್ಜಿನ ಮಿತಿ ದಾಟಿದವರು ತೂಕ ಇಳಿಸಲೇಬೇಕು. ಅವರಿಗೂ ವಾರದ ಲೆಕ್ಕಕ್ಕೆ ಸೊಂಟ ಅಳೆಯುವ ಟೇಪೇ ವಾಸಿ.

ಯಂತ್ರ ಸುಳ್ಳು ಹೇಳುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಎಡವುವವರೆಲ್ಲ ಇಲ್ಲೇ ಎಡವುತ್ತಾರೆ. ದೇಹ ತನ್ನ ತುರ್ತಿಗೆಂದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ. ಅದರ ಒಂದೊಂದು ಗ್ರಾಮಿಗೂ ಮೂರು ಗ್ರಾಮಿನಷ್ಟು ನೀರು ಅಂಟಿಕೊಂಡಿರುತ್ತದೆ. ಅನ್ನ, ಚಪಾತಿ ಎಲ್ಲ ಬಿಟ್ಟು ಉಪವಾಸ ಕೂತವರ ದಾಸ್ತಾನು ನಾಲ್ಕು ದಿನದಲ್ಲಿ ಬಹುಮಟ್ಟಿಗೆ ಖಾಲಿಯಾಗುತ್ತದೆ, ನೀರೂ ಹೋಗುತ್ತದೆ. ಒಂದೆರಡು ಕಿಲೊ ಇಳಿದೆ ಎಂದು ಬೀಗುವುದು ಆಗಲೇ. ಕೊಬ್ಬು ಕರಗಿರುವುದು ಅತ್ಯಲ್ಪ. ಐದನೇ ದಿನ ಮದುವೆಯೂಟ ಉಂಡರೆ ದಾಸ್ತಾನಿನ ಜೊತೆ ನೀರೂ ವಾಪಸು, ಮೇಲಿಂದ ಉಪ್ಪಿನಕಾಯಿ ಹಪ್ಪಳದ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ಒಂದೇ ಊಟಕ್ಕೆ ಒಂದೂವರೆ ಕಿಲೊ ಏರಿತು ಎಂದು ಎದೆಗುಂದುವುದು ಆಗ. ಎರಡೂ ನೀರಿನ ಲೆಕ್ಕ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಇದು ಇನ್ನೂ ಜಾಸ್ತಿ. ಹೊಸದಾಗಿ ವ್ಯಾಯಾಮಕ್ಕೆ ಇಳಿದವರ ಸ್ನಾಯುಗಳೂ ಚೇತರಿಕೆಗೆಂದು ನೀರು ಹಿಡಿಯುತ್ತವೆ. ಸರಿಯಾದ ಕೆಲಸ ಮಾಡಿದವರಿಗೇ ಯಂತ್ರ ಮೊದಲ ಹೊಡೆತ ಕೊಡುತ್ತದೆ. ಹಾಗಾಗಿ ದರ್ಜಿಗಳ ಬಳಿ ಇರುವಂಥ ಟೇಪು ಒಂದನ್ನು ತನ್ನಿ. ಭಾನುವಾರ ಬೆಳಗ್ಗೆ, ತಿಂಡಿಗೆ ಮುಂಚೆ, ಅಂಗಿ ತೆಗೆದು ನೆಟ್ಟಗೆ ನಿಲ್ಲಿ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ತುದಿ, ಎರಡನ್ನೂ ಬೆರಳಿನಿಂದ ಮುಟ್ಟಿ ಗುರುತಿಸಿ. ಅವುಗಳ ನಡುಮಧ್ಯೆ ಟೇಪು ಬರಬೇಕು. ಪ್ಯಾಂಟು ಕಟ್ಟುವ ಜಾಗ ಅದಲ್ಲ, ಹೊಟ್ಟೆ ಬಂದವರ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆಳೆದುಕೊಳ್ಳದೆ, ಟೇಪು ಚರ್ಮಕ್ಕೆ ತಾಗಿಯೂ ಒತ್ತದಂತೆ ಹಿಡಿದು ಅಳೆಯಿರಿ. ಕ್ಯಾಲೆಂಡರಿನಲ್ಲಿ ಬರೆಯಿರಿ. ತಿಂಗಳಿಗೆ ಒಂದು ಸೆಂಟಿಮೀಟರ್ ಇಳಿದರೂ ದಾರಿ ಸರಿಯಿದೆ. ತೂಕ ನೋಡಲೇಬೇಕೆಂದರೆ ತಿಂಗಳಿಗೊಮ್ಮೆ ಸಾಕು.

ಇನ್ನು ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಹತ್ತು ಸಾವಿರ ಹೆಜ್ಜೆಯ ಗುರಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಅದು 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಸಾಧನವೊಂದರ ಮಾರಾಟಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಗಿಂಡಿಯಲ್ಲಿ ನಡೆಯಲು ಜಾಗವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಸುಮಾರು 270 ಹೆಕ್ಟೇರಿನ ರಾಷ್ಟ್ರೀಯ ಉದ್ಯಾನ ಪಕ್ಕದಲ್ಲೇ ಇದ್ದರೂ ಅದು ಜಿಂಕೆ, ಕೃಷ್ಣಮೃಗಗಳ ಪಾಲು, ವಾಕಿಂಗ್ ಪಾರ್ಕಲ್ಲ. ಹಾಗಾಗಿ ನಡಿಗೆಯನ್ನು ಪ್ರಯಾಣದೊಳಗೇ ಸೇರಿಸಿ. ಸೈದಾಪೇಟೆ ಕಡೆಯಿಂದ ಮೆಟ್ರೋದಲ್ಲಿ ಬರುವವರು ಗಿಂಡಿಗೆ ಒಂದು ನಿಲ್ದಾಣ ಮೊದಲೇ, ಲಿಟಲ್ ಮೌಂಟಿನಲ್ಲಿ ಇಳಿದರೆ ಹದಿನೈದು ನಿಮಿಷದ ನಡಿಗೆ. ಸಂಜೆ ಅದೇ ದಾರಿಯಲ್ಲಿ ಹಿಂದಿರುಗಿದರೆ ಮೇಲೆ ಹೇಳಿದ ಅಧ್ಯಯನದ ಅರ್ಧ ಗಂಟೆ ಪೂರ್ತಿ. ಐದು ಗಂಟೆಗೇ ಎದ್ದು ನಡೆಯುತ್ತೇನೆ ಎನ್ನುವ ಸಂಕಲ್ಪಕ್ಕಿಂತ ಇದು ಗಟ್ಟಿ, ಯಾಕೆಂದರೆ ಆಫೀಸಿಗೆ ಹೇಗೂ ಹೋಗಲೇಬೇಕು. ನಡುಬೇಸಿಗೆಯ ಅಗ್ನಿನಕ್ಷತ್ರದ ಬಿಸಿಲಲ್ಲಿ, ತಮಿಳರ ಐಪ್ಪಸಿ ತಿಂಗಳ ಮಳೆಯಲ್ಲಿ ಇದು ಸಾಧ್ಯವಿಲ್ಲ. ಆಗ ಊಟವಾದ ಮೇಲೆ ಕಟ್ಟಡದೊಳಗಿನ ವರಾಂಡದಲ್ಲೇ ಹತ್ತು ನಿಮಿಷ, ಮೆಟ್ಟಿಲು ಎರಡು ಸಲ. ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ. ಲಂಡನ್ನಿನ ಸಂಶೋಧಕರು 2010ರಲ್ಲಿ ಕಂಡುಕೊಂಡಂತೆ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕು, ಕೆಲವರಿಗೆ ಎಂಟು ತಿಂಗಳೂ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದ್ದು ಫಲಿತಾಂಶವನ್ನು ಕೆಡಿಸಲಿಲ್ಲ.

ಊಟದ ವಿಷಯದಲ್ಲಿ ನಮ್ಮವರಿಗೊಂದು ಪ್ರೀತಿಯ ಭ್ರಮೆಯಿದೆ: ಅನ್ನ ಬಿಟ್ಟು ಮುದ್ದೆಗೆ ಬಂದರೆ ಗೆದ್ದೆವು ಎಂದು. ಚೆನ್ನೈನ ಮಧುಮೇಹ ಸಂಶೋಧನಾ ಪ್ರತಿಷ್ಠಾನ ಐಸಿಎಂಆರ್ ಜೊತೆ ನಡೆಸಿದ ದೇಶವ್ಯಾಪಿ ಸಮೀಕ್ಷೆಯ 2025ರ ವರದಿ ಇದಕ್ಕೆ ತಣ್ಣೀರೆರಚಿದೆ. ಭಾರತೀಯರ ಕ್ಯಾಲೊರಿಯಲ್ಲಿ ಶೇ 62 ಬರುವುದು ಪಿಷ್ಟ, ಸಕ್ಕರೆಗಳಿಂದ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದರೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ಪಿಷ್ಟದ ಒಟ್ಟು ಪಾಲು ತಗ್ಗಿ, ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಆ ಜಾಗಕ್ಕೆ ಬಂದಾಗ ಇಳಿಯಿತು. ಮುದ್ದೆ ಒಳ್ಳೆಯದೇ, ಎರಡು ಮುದ್ದೆ ಒಂದು ಸೌಟು ಸಾರು ಒಳ್ಳೆಯದಲ್ಲ. ಒಂದು ಮುದ್ದೆ ಅಥವಾ ಒಂದು ಸಣ್ಣ ಬಟ್ಟಲು ಅನ್ನ, ಅಷ್ಟೇ ಹುರುಳಿ ಅಥವಾ ಹೆಸರುಕಾಳು, ಎರಡರಷ್ಟು ಪಲ್ಯ, ಮಜ್ಜಿಗೆ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು. ನಾಲ್ಕು ಕಾಫಿಗೆ ಎರಡೆರಡು ಚಮಚ ಸಕ್ಕರೆ ಎಂದರೆ ದಿನಕ್ಕೆ ಸುಮಾರು 160 ಕ್ಯಾಲೊರಿ. ಕಾಫಿ ಬಿಡುವುದು ಬೇಡ, ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ತೂಕ ಇಳಿಸುವ ಇಂಜೆಕ್ಷನ್ ಇದೆಯಲ್ಲ ಎಂದು ಈಗ ಎಲ್ಲರೂ ಕೇಳುತ್ತಾರೆ. ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಕೆಲಸ ಮಾಡುತ್ತದೆ. ಆದರೆ ಅಂಥ ಇಂಜೆಕ್ಷನ್‌ಗಳಲ್ಲಿ ಒಂದಾದ ಸೆಮಾಗ್ಲುಟೈಡ್ ನಿಲ್ಲಿಸಿದವರು ಇಳಿದ ತೂಕದ ಮೂರನೇ ಎರಡು ಪಾಲನ್ನು ಒಂದೇ ವರ್ಷದಲ್ಲಿ ವಾಪಸು ಪಡೆದದ್ದೂ ದಾಖಲಾಗಿದೆ. ಅದರ ಜೊತೆಗೂ ನಡಿಗೆ, ಊಟದ ಶಿಸ್ತು ಬೇಕೇ ಬೇಕು.

ಕೊನೆಯದಾಗಿ ಸ್ನಾಯುಗಳ ಬಲಕ್ಕೆ, ಚುಟುಕಾಗಿ: ವಾರಕ್ಕೆ ಎರಡು ದಿನ ಬಸ್ಕಿ ಹತ್ತು, ಗೋಡೆಗೆ ಕೈಕೊಟ್ಟು ದಂಡ ಹತ್ತು, ಮೂರು ಸುತ್ತು. ಮಂಡಿನೋವಿದ್ದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರಲಿ. ನಲವತ್ತು ದಾಟಿದವರು, ಎದೆನೋವು, ಬಿಪಿ, ಸಕ್ಕರೆ ಇದ್ದವರು, ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಮೊದಲು ವೈದ್ಯರನ್ನು ಕಾಣಬೇಕು. ಸಕ್ಕರೆ, ಬಿಪಿ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಡಿಗೆ ಶುರು ಮಾಡುವ ವಾರವೇ ಒಮ್ಮೆ ಮಾಡಿಸಿ, ಆ ಅಂಕಿಗಳನ್ನೂ ಸೊಂಟದ ಅಳತೆಯ ಪಕ್ಕದಲ್ಲೇ ಬರೆದಿಡಿ.